ವಾದ್ಯವೃಂದದಲ್ಲಿ ಒಂದು ಸ್ಥಾನ

ಆಗಸ್ಟ್ 15ರ ಬೆಳಗ್ಗೆ ಮಂಗಳೂರಿನ ನೆಹರು ಮೈದಾನದಲ್ಲಿ ರಾಷ್ಟ್ರಧ್ವಜವು ಅರಳಿದ ಬಳಿಕ ಪಥಸಂಚಲನ ಮೊದಲಾಗುತ್ತದೆ. ವಾದ್ಯದ ಗತಿಗೆ ನೂರಾರು ಪಾದಗಳು ಒಂದಾಗಿ ಎದ್ದು ಒಂದಾಗಿ ಇಳಿಯುವ ಆ ನೋಟವು ಯಾರ ಮನಸ್ಸನ್ನೂ ಸೆಳೆಯದಿರದು. ನಗರದ ಅನೇಕ ಪ್ರೌಢಶಾಲೆಗಳ ಅಂಗಳದಲ್ಲಿಯೂ ಅಂದು ವಿದ್ಯಾರ್ಥಿಗಳದೇ ಬ್ಯಾಂಡು ಮೊಳಗುತ್ತದೆ. ನುಡಿಸುವವರನ್ನು ಎಲ್ಲರೂ ನೋಡುತ್ತಾರೆ; ನುಡಿಸಬೇಕೆಂದು ಬಯಸಿ, ಆಯ್ಕೆಯ ದಿನ ಸಾಲಿನಲ್ಲಿ ನಿಂತು, ಹೆಸರು ಬಾರದೆ ಹಿಂದಿರುಗಿದವರನ್ನು ಯಾರೂ ನೋಡುವುದಿಲ್ಲ. ಬ್ಯಾಂಡಿಗೆ ವಿದ್ಯಾರ್ಥಿಗಳನ್ನು ಆರಿಸುವ ಬಗೆ ಹೇಗಿರಬೇಕು? ಮೇಲ್ನೋಟಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ನ್ಯಾಯವೆಂದರೇನೆಂಬುದನ್ನು ಮಕ್ಕಳು ಮೊದಲು ಅರಿಯುವುದು ಇಂತಹ ಸಣ್ಣ ಪ್ರಸಂಗಗಳಲ್ಲಿಯೇ.

ಆಯ್ಕೆಯ ಹೊಣೆ ಸಾಮಾನ್ಯವಾಗಿ ದೈಹಿಕ ಶಿಕ್ಷಣದ ಶಿಕ್ಷಕರದು. ಅವರ ಕಷ್ಟವೂ ಕಡಿಮೆಯದಲ್ಲ. ಶಾಲೆ ತೆರೆದ ಕೆಲವೇ ದಿನಗಳಲ್ಲಿ ಕರಾವಳಿಯಲ್ಲಿ ಮುಂಗಾರು ಮಳೆ ಬಲಗೊಳ್ಳುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಜಗಲಿಯಲ್ಲೋ ಸಭಾಂಗಣದಲ್ಲೋ ಅಭ್ಯಾಸ ನಡೆಯಬೇಕು. ಸ್ವಾತಂತ್ರ್ಯ ದಿನಕ್ಕೆ ಉಳಿದಿರುವುದು ಹತ್ತು ವಾರಗಳಷ್ಟೆ. ವಾದ್ಯಗಳು ಮಿತ, ಸಮವಸ್ತ್ರಗಳು ಮಿತ; ಬಯಸಿ ಬರುವವರೋ ಬಹಳ. ಆದುದರಿಂದ ಕೆಲವೆಡೆ ಸುಲಭದ ದಾರಿಯೊಂದು ರೂಢಿಗೆ ಬಂದಿದೆ: ಎತ್ತರದವರನ್ನು ಮೊದಲು ಕರೆಯುವುದು, ಹಿಂದೆಯೇ ಕಲಿತವರನ್ನು ಉಳಿಸಿಕೊಳ್ಳುವುದು, ಮಿಕ್ಕವರನ್ನು ಒಂದೆರಡು ನಿಮಿಷ ಪರೀಕ್ಷಿಸಿ ಕಳುಹಿಸುವುದು. ಇದರಿಂದ ಸಮಯ ಉಳಿಯುವುದು ನಿಜ. ಆದರೆ ಬ್ಯಾಂಡಿಗೆ ಬೇಕಾದ ಗುಣ ಯಾರಲ್ಲಿದೆಯೆಂಬುದು ಇದರಿಂದ ತಿಳಿಯುತ್ತದೆಯೆ?

ಯಾವ ವಾದ್ಯಕ್ಕೆ ಏನು ಬೇಕೆಂಬುದನ್ನು ವಿಚಾರಿಸೋಣ. ಬ್ಯೂಗಲಿಗೆ ಕೊಳಲಿನಂತೆ ರಂಧ್ರಗಳಿಲ್ಲ, ಒತ್ತುವ ಗುಂಡಿಗಳೂ ಇಲ್ಲ. ತುಟಿಯ ಬಿಗಿತ, ಉಸಿರಿನ ಒತ್ತಡ ಇವುಗಳಿಂದಲೇ ಸ್ವರವನ್ನು ಬದಲಿಸಬೇಕು. ಮೊದಲ ದಿನ ಬರಿಯ ಗಾಳಿ ಹೊರಬಿದ್ದು ನಾದ ಹೊರಡದಿದ್ದರೆ ಅದು ಅಯೋಗ್ಯತೆಯ ಗುರುತಲ್ಲ. ತುಟಿ ಇನ್ನೂ ಪಳಗಿಲ್ಲವೆಂದಷ್ಟೇ ಅದರ ಅರ್ಥ. ಸಣ್ಣ ಡ್ರಮ್ಮಿಗೆ ಎರಡು ಕೈಗಳ ಸಮತೆ ಬೇಕು. ಎಡಗೈಯ ಪೆಟ್ಟು ಬಲಗೈಯ ಪೆಟ್ಟಿನಷ್ಟೇ ಸ್ಪಷ್ಟವಾಗಿರಬೇಕು. ದೊಡ್ಡ ಡ್ರಮ್ಮನ್ನು ಹೊರಲು ಮೈಬಲ ಬೇಕೆಂಬುದು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಬೇಕಾದುದು ಸ್ಥಿರವಾದ ಮನಸ್ಸು. ನಿಮಿಷಕ್ಕೆ 120 ಹೆಜ್ಜೆಗಳ ನಡಿಗೆಯಲ್ಲಿ ಒಂದು ಹೆಜ್ಜೆಗೆ ಸಿಗುವ ಕಾಲ ಅರ್ಧ ಸೆಕೆಂಡು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಆದುದರಿಂದ 34 ಮೀಟರು ಹಿಂದಿರುವವನಿಗೆ ಪೆಟ್ಟು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗಿ ಕೇಳಿಸುತ್ತದೆ. ಉದ್ದನೆಯ ಸಾಲಿನಲ್ಲಿ ಹೆಜ್ಜೆಗೂಡಿಸುವುದು ಇದರಿಂದಲೇ ಕಠಿಣ. ಇಂತಹ ಸಾಲಿಗೆ ಗತಿ ಕೊಡುವವನು ಉತ್ಸಾಹದಿಂದ ಅವಸರಪಟ್ಟರೆ ಇಡೀ ತಂಡವೇ ಕೆಡುತ್ತದೆ.

ಈ ಗುಣಗಳಲ್ಲಿ ಯಾವುದೊಂದೂ ಎತ್ತರದ ಅಳತೆಗೋಲಿಗೆ ಸಿಗುವುದಿಲ್ಲ. ಸಾಲು ಅಂದವಾಗಿ ಕಾಣಬೇಕಾದರೆ ಆರಿಸಿದ ಮೇಲೆ ಎತ್ತರಕ್ಕೆ ತಕ್ಕಂತೆ ನಿಲ್ಲಿಸಬಹುದು. ಎತ್ತರವನ್ನು ನೋಡಿಯೇ ಆರಿಸಬೇಕಾಗಿಲ್ಲ.

ಹಿಂದೆಯೇ ಕಲಿತವರನ್ನು ಮಾತ್ರ ಉಳಿಸಿಕೊಳ್ಳುವ ರೂಢಿಯೂ ವಿಚಾರಾರ್ಹವಾದುದು. ಕಲಿತು ಬಂದವರಲ್ಲಿ ಬಹುಮಂದಿ ಕಲಿಯುವ ಅವಕಾಶ ಮನೆಯಲ್ಲಿಯೇ ಇದ್ದವರು. ಅವಕಾಶವಿಲ್ಲದವರಿಗೆ ಅದನ್ನು ಒದಗಿಸುವುದು ಶಾಲೆಯ ಧರ್ಮವಲ್ಲವೆ? ನಮ್ಮ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನಲ್ಲಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥರು ನಾಗಸ್ವರ ವಾದಕರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನಿನ ನಾದವನ್ನು ಕೇಳಿ ಅದಕ್ಕೆ ಮನಸೋತರು. ಕರ್ನಾಟಕ ಸಂಗೀತದ ಗಮಕಗಳು ಆ ಪಾಶ್ಚಾತ್ಯ ವಾದ್ಯಕ್ಕೆ ಸುಲಭವಾಗಿ ಒಗ್ಗುವಂತಹವಲ್ಲ. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತು, ವರ್ಷಗಟ್ಟಲೆ ಸಾಧನೆ ಮಾಡಿ ಅದನ್ನು ಒಗ್ಗಿಸಿಕೊಂಡರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಪಡೆದರು. 2019ರಲ್ಲಿ ತೀರಿಕೊಂಡ ಈ ಕಲಾವಿದರನ್ನು, ಅವರು ಆ ವಾದ್ಯವನ್ನು ಮೊದಲು ಕೈಗೆತ್ತಿಕೊಂಡ ದಿನವೇ ಯಾರಾದರೂ ಎರಡು ನಿಮಿಷ ಪರೀಕ್ಷಿಸಿದ್ದರೆ ಏನೆಂದು ತೀರ್ಪು ಕೊಡುತ್ತಿದ್ದರು? ಹಾಡುತ್ತ ಹಾಡುತ್ತ ರಾಗ ಎಂದು ನಮ್ಮ ಹಿರಿಯರು ಹೇಳಿದುದು ಇದನ್ನೇ.

ಇನ್ನು ಆರಿಸುವವರ ಕಣ್ಣಿಗೆ ಅರಿವಿಲ್ಲದೆಯೇ ಅಂಟಿಕೊಳ್ಳುವ ಪಕ್ಷಪಾತದ ಮಾತು. ಅಮೆರಿಕದ ದೊಡ್ಡ ವಾದ್ಯವೃಂದಗಳಲ್ಲಿ 1970 ಮತ್ತು 1980ರ ದಶಕಗಳಲ್ಲಿ, ಅಭ್ಯರ್ಥಿಯು ತೆರೆಯ ಹಿಂದೆ ಕುಳಿತು ನುಡಿಸುವ ಪದ್ಧತಿ ಹರಡಿತು. ಪಾದರಕ್ಷೆಯ ಸದ್ದಿನಿಂದಲೂ ಗಂಡಸೋ ಹೆಂಗಸೋ ಎಂದು ತಿಳಿಯಬಾರದೆಂದು ಕೆಲವೆಡೆ ನೆಲಕ್ಕೆ ಜಮಖಾನೆ ಹಾಸುತ್ತಿದ್ದರು. ಅಲ್ಲಿನ ಐದು ಪ್ರಮುಖ ವೃಂದಗಳಲ್ಲಿ 1970ರಲ್ಲಿ ಶೇಕಡಾ 5ಕ್ಕಿಂತಲೂ ಕಡಿಮೆಯಿದ್ದ ಸ್ತ್ರೀಯರ ಪ್ರಮಾಣ 1997ರ ವೇಳೆಗೆ ಶೇಕಡಾ 25ಕ್ಕೆ ಏರಿತು. ಇದಕ್ಕೆ ತೆರೆಯೊಂದೇ ಕಾರಣವೆನ್ನಲಾಗದಿದ್ದರೂ ಕಿವಿಯ ಕೆಲಸವನ್ನು ಕಣ್ಣಿಗೆ ಒಪ್ಪಿಸಬಾರದೆಂಬ ಪಾಠ ಅದರಲ್ಲಿದೆ. ದೊಡ್ಡ ಡ್ರಮ್ಮು ಹುಡುಗರಿಗೆ, ತಾಳ ಹುಡುಗಿಯರಿಗೆ ಎಂದು ಮೊದಲೇ ಹಂಚಿಬಿಡುವವರು ಇದನ್ನು ನೆನೆಯಬೇಕು.

“ಇಷ್ಟೆಲ್ಲ ವಿಚಾರಿಸುತ್ತ ಕುಳಿತರೆ ತಂಡ ಸಿದ್ಧವಾಗುವುದೆಂದು? ಜನರೆದುರು ಶಾಲೆಯ ಮಾನ ಉಳಿಯಬೇಡವೆ?” ಎಂದು ಕೆಲವರು ಕೇಳಬಹುದು. ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಆಯ್ಕೆಯೇ ಬೇಡವೆಂಬುದು ನನ್ನ ವಾದವಲ್ಲ. ಇರುವ ಇಪ್ಪತ್ತು ವಾದ್ಯಗಳನ್ನು ಅರುವತ್ತು ಮಂದಿಗೆ ಹಂಚಲಾಗದು. ನನ್ನ ಅಭಿಪ್ರಾಯ ಇಷ್ಟೆ: ಮೊದಲು ಕಲಿಸಬೇಕು, ಆಮೇಲೆ ಆರಿಸಬೇಕು. ಹತ್ತು ವಾರಗಳಲ್ಲಿ ಮೊದಲ ಎರಡು ವಾರಗಳನ್ನು ಬಂದವರೆಲ್ಲರಿಗೂ ಮೀಸಲಿಡಬಹುದು. ಇದಕ್ಕೆ ವಾದ್ಯಗಳೂ ಬೇಡ. ಎರಡು ಕೋಲು, ಒಂದು ಹಳೆಯ ಬೆಂಚು, ಎಣಿಸುವ ಬಾಯಿ ಸಾಕು. ಜಗಲಿಯಲ್ಲಿ ನಿಂತಲ್ಲಿಯೇ ಹೆಜ್ಜೆ ಹಾಕಲು ಮಳೆಯ ಅಡ್ಡಿಯಿಲ್ಲ. ಏನನ್ನು ಪರೀಕ್ಷಿಸುವರೆಂಬುದನ್ನು ಮೊದಲೇ ಸೂಚನಾಫಲಕದಲ್ಲಿ ಬರೆದಿಡಬೇಕು. ಕೇಳುವವರು ಇಬ್ಬರಿರಬೇಕು, ಅವರು ಬೆನ್ನು ತಿರುಗಿಸಿ ಕುಳಿತರೆ ತೆರೆಯ ಖರ್ಚೂ ಇಲ್ಲ. ಮೊದಲ ದಿನಕ್ಕಿಂತ ಹದಿನಾಲ್ಕನೆಯ ದಿನಕ್ಕೆ ಯಾರು ಎಷ್ಟು ಮುಂದುವರಿದರೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಮವಸ್ತ್ರವು ಶಾಲೆಯದಾಗಿರಬೇಕು; ಬೂಟು ಕೊಳ್ಳಲಾರದವನ ಪ್ರತಿಭೆ ಬೂಟಿನ ಬೆಲೆಗೆ ಸೋಲಬಾರದು. ಸ್ಥಾನ ದೊರೆಯದವರನ್ನು ಬದಲಿ ವಾದಕರಾಗಿ ಅಭ್ಯಾಸದಲ್ಲಿ ಉಳಿಸಿಕೊಂಡು, ಜನವರಿ 26ರ ತಂಡಕ್ಕೆ ಮತ್ತೊಮ್ಮೆ ಪರೀಕ್ಷೆ ನಡೆಸಬೇಕು.

ವಿದ್ಯಾರ್ಥಿಗಳ ಹೊಣೆಯೂ ಇದೆ. ಆರಿಸಲ್ಪಟ್ಟವನು ತನ್ನ ಸ್ಥಾನ ತನ್ನ ಸ್ವತ್ತೆಂದು ತಿಳಿಯಬಾರದು. ಅವನ ಹಿಂದೆ ಅದೇ ಸ್ಥಾನವನ್ನು ಬಯಸಿದ ಇನ್ನಿಬ್ಬರಿದ್ದಾರೆ. ಅಭ್ಯಾಸಕ್ಕೆ ತಪ್ಪಿಸಿಕೊಳ್ಳುವುದು ಅವರಿಗೆ ಬಗೆದ ದ್ರೋಹ. ಆರಿಸಲ್ಪಡದವನು ಕಾರಣವನ್ನು ವಿನಯದಿಂದ ಕೇಳಬೇಕು, ಕೇಳಿ ತಿದ್ದಿಕೊಳ್ಳಬೇಕು. ಕಾರಣ ತಿಳಿದಾಗ ಸೋಲು ಪಾಠವಾಗುತ್ತದೆ. ತಿಳಿಯದಾಗ ಅದು ಕಹಿಯಾಗಿ ಉಳಿಯುತ್ತದೆ.

ಬ್ಯಾಂಡು ಹೆಜ್ಜೆಗೂಡಿಸುವುದನ್ನು ಕಲಿಸುತ್ತದೆ. ಒಬ್ಬನು ಮುಂದೋಡಿದರೂ ಒಬ್ಬನು ಹಿಂದುಳಿದರೂ ಸಾಲು ಕೆಡುತ್ತದೆಂಬುದು ಅದರ ಮೊದಲ ನಿಯಮ. ಆ ನಿಯಮವು ಆಯ್ಕೆಯ ದಿನದಿಂದಲೇ ಆಚರಣೆಗೆ ಬರಲಿ.