ಕುರ್ಚಿಯೂ ಬೀಗದ ಕೈಯೂ

ಬೀದಿಯ ದೀಪ ಉರಿಯದಿದ್ದರೆ, ಚರಂಡಿ ಕಟ್ಟಿಕೊಂಡರೆ, ಬಸವನಗುಡಿಯವರಾಗಲಿ ಮಲ್ಲೇಶ್ವರದವರಾಗಲಿ ಮೊದಲು ಶಪಿಸುವುದು ನಗರಸಭೆಯನ್ನು. ತೆರಿಗೆ ಕೊಟ್ಟವರಿಗೆ ಅಷ್ಟು ಹಕ್ಕಾದರೂ ಬೇಡವೇ? ಆದರೆ ಶಪಿಸುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಸಭೆಯಲ್ಲಿ ಕುಳಿತವರು ಯಾರು? ಕುಳಿತವರ ಕೈಯಲ್ಲಿರುವ ಅಧಿಕಾರವೆಷ್ಟು? ಬೆಂಗಳೂರಿನ ಪೌರಾಡಳಿತದ ಚರಿತ್ರೆಯೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ತಿರುಗುತ್ತದೆ.

1862ರ ಮಾರ್ಚ್ 27ರಂದು, 1850ರ ಪಟ್ಟಣ ಸುಧಾರಣೆಯ ಕಾಯಿದೆಗೆ ಅನುಸಾರವಾಗಿ, ಹಳೆಯ ಪೇಟೆಯ ಒಂಬತ್ತು ಮಂದಿ ಗಣ್ಯರ ಮಂಡಲಿಯೊಂದು ರೂಪುಗೊಂಡಿತು. ದಂಡಿನ ಪ್ರದೇಶಕ್ಕೂ ಇಂತಹುದೇ ಮತ್ತೊಂದು ಮಂಡಲಿ ಬಂದಿತು. ಮೈಸೂರು ಸೀಮೆ ಆಗ ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿತ್ತು. ಆ ಕಾಯಿದೆಯಂತೆ ಸದಸ್ಯರನ್ನು ನೇಮಿಸುವುದು ಸರ್ಕಾರದ ಹಕ್ಕು. ಜನರ ಮತದ ಮಾತೇ ಇರಲಿಲ್ಲ. ಗಣ್ಯರು ಸಲಹೆ ಕೊಡಬಹುದು, ಸರ್ಕಾರ ನಡೆಸಬಹುದು, ಅಥವಾ ನಡೆಸದೆಯೂ ಇರಬಹುದು!

1881ರಲ್ಲಿ ರಾಜ್ಯ ಮಹಾರಾಜರ ಕೈಸೇರಿತು. ಪೇಟೆ ಅವರ ಸರ್ಕಾರದ ಪಾಲಾಯಿತು, ದಂಡು ಬ್ರಿಟಿಷ್ ರೆಸಿಡೆಂಟರ ಬಳಿಯೇ ಉಳಿಯಿತು. ಒಂದೇ ಊರಿಗೆ ಎರಡು ಪುರಸಭೆ, ಎರಡು ದೊರೆತನ. ಮರುವರ್ಷವೇ ಅರ್ಧದಷ್ಟು ಸದಸ್ಯರನ್ನು ಚುನಾಯಿಸಲು ಅನುಮತಿ ದೊರೆಯಿತು. ಜೊತೆಗೆ ಆಸ್ತಿ ತೆರಿಗೆಯೂ ಬಂದಿತು. ಹಣ ಕೇಳುವವನು ಮಾತನ್ನೂ ಕೇಳಬೇಕಲ್ಲವೇ?

ಅದೇ 1882ರ ಮೇ ತಿಂಗಳಲ್ಲಿ ವೈಸರಾಯ್ ರಿಪ್ಪನ್ ತಮ್ಮ ಹೆಸರಾಂತ ನಿರ್ಣಯವನ್ನು ಹೊರಡಿಸಿದರು. ಸ್ಥಳೀಯ ಸಭೆಗಳಲ್ಲಿ ಮೂರನೆಯ ಎರಡು ಪಾಲಾದರೂ ಅಧಿಕಾರಿಗಳಲ್ಲದವರಿರಬೇಕು, ಸಾಧ್ಯವಾದೆಡೆ ಅಧ್ಯಕ್ಷರೂ ಅವರಲ್ಲೊಬ್ಬರಾಗಿರಬೇಕು, ಸರ್ಕಾರದ ಹತೋಟಿ ಸಭೆಯ ಒಳಗಿನಿಂದ ನಡೆಯದೆ ಹೊರಗಿನಿಂದ ನಡೆಯಬೇಕು ಎಂಬುದು ಅದರ ಸಾರ. ಅದು ಬ್ರಿಟಿಷ್ ಇಂಡಿಯಕ್ಕೆ ಬರೆದದ್ದು; ಆದರೂ ರಿಪ್ಪನ್ನರ ಮಾತಿನಲ್ಲಿ ನಮ್ಮ ಎರಡು ಪ್ರಶ್ನೆಗಳಿಗೂ ಉತ್ತರವಿತ್ತು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಸದಸ್ಯರ ಬೆಂಚು ಜನಕ್ಕೆ ದೊರೆತು ಮೂವತ್ತು ವರ್ಷ ಕಳೆದ ಮೇಲೆ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1913ರಲ್ಲಿ, ಗೌರವ ಅಧ್ಯಕ್ಷರ ಪದವಿ ಬಂದಿತು. ಆ ಪದವಿಗೆ ಚುನಾವಣೆಯಾಗಲು ಇನ್ನೂ ಏಳು ವರ್ಷ ಹಿಡಿಯಿತು. ಇಂದಿಗೂ ನಮ್ಮ ಪುರಭವನ ಹೊತ್ತಿರುವುದು ಪುರಸಭೆಯ ಅಧ್ಯಕ್ಷರಾಗಿದ್ದ ಸರ್ ಕೆ. ಪಿ. ಪುಟ್ಟಣ್ಣ ಚೆಟ್ಟಿಯವರ ಹೆಸರನ್ನು. 1949ರಲ್ಲಿ ಪೇಟೆ, ದಂಡುಗಳ ಎರಡು ಸಭೆಗಳೂ ಒಂದುಗೂಡಿ ನಗರಪಾಲಿಕೆಯಾಯಿತು; ಊರಿಗೆ ಮೊದಲ ಬಾರಿಗೆ ಮೇಯರ್ ಎಂಬ ಹುದ್ದೆ ಬಂದಿತು.

ಅಲ್ಲಿಗೆ ಮೊದಲ ಪ್ರಶ್ನೆ ಬಗೆಹರಿಯಿತೆನ್ನೋಣ. ಎರಡನೆಯದು? ಸೊಸೆಯನ್ನು ಸಂಭ್ರಮದಿಂದ ಮನೆ ತುಂಬಿಸಿಕೊಂಡು, ಉಗ್ರಾಣದ ಬೀಗದ ಕೈಯನ್ನು ಅತ್ತೆ ತನ್ನ ಸೊಂಟದಲ್ಲಿಯೇ ಉಳಿಸಿಕೊಂಡ ಸಂಸಾರವನ್ನು ನೀವು ಕಂಡಿರಬಹುದು. 1964ರಲ್ಲಿ ನೀರು ಮತ್ತು ಒಳಚರಂಡಿ ಪ್ರತ್ಯೇಕ ಮಂಡಲಿಗೆ ಹೋದವು. 1976ರಲ್ಲಿ ಬಡಾವಣೆಗಳ ಯೋಜನೆ ಅಭಿವೃದ್ಧಿ ಪ್ರಾಧಿಕಾರದ ಪಾಲಾಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ, ನಗರಸಭೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಿತು. ನಗರ ಯೋಜನೆ, ನೀರಿನ ಪೂರೈಕೆ ಎರಡೂ ಅದರಲ್ಲಿವೆ. ಆದರೆ ವಹಿಸುವ ಕೈ ರಾಜ್ಯ ಸರ್ಕಾರದ್ದು.

ಕೊನೆಗೆ ಬೆಂಚಿಗೂ ಕುತ್ತು ಬಂದಿತು. 2020ರ ಸೆಪ್ಟೆಂಬರಿನಲ್ಲಿ ಸದಸ್ಯರ ಅವಧಿ ಮುಗಿದಾಗ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳೇ ಊರನ್ನು ನಡೆಸಿದರು. ಐದು ವರ್ಷ ಕಳೆದು, 2025ರ ಸೆಪ್ಟೆಂಬರಿನಲ್ಲಿ, ಪಾಲಿಕೆಯೇ ಐದಾಗಿ ಒಡೆಯಿತು. ಅವುಗಳ ಮೇಲಿನ ಪ್ರಾಧಿಕಾರದ ಅಧ್ಯಕ್ಷತೆಯನ್ನು ಕಾಯಿದೆ ಮುಖ್ಯಮಂತ್ರಿಗಳಿಗೆ ಕೊಟ್ಟಿತು. ಹತೋಟಿ ಹೊರಗಿನಿಂದಿರಲಿ ಎಂದ ರಿಪ್ಪನ್ನರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ಇಷ್ಟು ದೊಡ್ಡ ಊರನ್ನು ಬಿಡಿ ಬಿಡಿಯಾಗಿ ನಡೆಸಲಾಗದು, ಮೇಲೊಬ್ಬ ಹಿರಿಯ ಬೇಕು ಎಂಬ ವಾದ ಪೊಳ್ಳೇನಲ್ಲ. ಆದರೆ ಹಿರಿಯನಿದ್ದಾನೆಂದು ಮನೆಯವರಿಗೆ ಮಾತಿಲ್ಲದಂತಾಗಬಾರದು. ಅಧಿಕಾರವಿಲ್ಲದ ಸದಸ್ಯನನ್ನು ಜನ ಹಳಿಯುತ್ತಾರೆ. ಹಳಿಸಿಕೊಂಡ ಸ್ಥಾನಕ್ಕೆ ಯೋಗ್ಯರು ಬರಲೊಲ್ಲರು. ಯೋಗ್ಯರಿಲ್ಲವೆಂದು ಸರ್ಕಾರ ಇನ್ನಷ್ಟು ಅಧಿಕಾರವನ್ನು ಕಸಿಯುತ್ತದೆ. ಈ ವಿಷಚಕ್ರವನ್ನು ಮುರಿಯಬಲ್ಲವರು ಮತದಾರರೇ. ವಾಚಕರೇ, ಮತ ಕೇಳಲು ನಿಮ್ಮ ಬಾಗಿಲಿಗೆ ಬಂದವರನ್ನು ದೀಪ, ಚರಂಡಿಗಳ ವಿಷಯ ಖಂಡಿತ ಕೇಳಿ. ಹಾಗೆಯೇ, ಬೀಗದ ಕೈಯನ್ನು ಕೇಳಿ ಪಡೆಯುವ ಧೈರ್ಯವುಂಟೇ ಎಂದೂ ಕೇಳಿ.