ಯಾವ ಬ್ಯಾಕ್ಟೀರಿಯಾ ಎಂದು ಮೊದಲು ಹೇಳಿ

ಹಿಸ್ಟಮಿನ್ ಅಸಹಿಷ್ಣುತೆಗೆ ‘ಒಳ್ಳೆಯ ಬ್ಯಾಕ್ಟೀರಿಯಾ’ದ ಮಾತ್ರೆ ನುಂಗಿದರೆ ಸಾಕು ಎಂಬ ಕಳೆದ ಸಂಚಿಕೆಯ ಲೇಖನ ಓದಿ ಸಿಟ್ಟು ಬಂತು. ಯಾವ ಬ್ಯಾಕ್ಟೀರಿಯಾ, ಯಾವ ತಳಿ? ಲೇಖಕರು ಅದನ್ನು ಹೇಳುವುದೇ ಇಲ್ಲ.

ಊಟದ ಜೊತೆ ಬಂದ ಹಿಸ್ಟಮಿನ್ ಅನ್ನು ಸಣ್ಣ ಕರುಳಿನ ಒಳಪದರದ ಡಿಎಒ ಎಂಬ ಕಿಣ್ವ ಒಡೆಯುತ್ತದೆ. ಅದು ಸಾಲದೆ ಹೋದರೆ ತಲೆನೋವು, ತುರಿಕೆ, ಹೊಟ್ಟೆಯುಬ್ಬರ. ಆದರೆ ಹಿಸ್ಟಮಿನ್ ಬರುವುದು ತಟ್ಟೆಯಿಂದ ಮಾತ್ರವಲ್ಲ. ಪ್ರೋಟೀನಿನಲ್ಲಿರುವ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವನ್ನು ಕೆಲವು ಬ್ಯಾಕ್ಟೀರಿಯಾಗಳೇ ಹಿಸ್ಟಮಿನ್ ಆಗಿ ಬದಲಿಸುತ್ತವೆ. ಐಸ್ ಹಾಕದೆ ಬಿಟ್ಟ ಬಂಗುಡೆಯಲ್ಲಿ ನಡೆಯುವುದೂ ಇದೇ. ಆಮೇಲೆ ಎಷ್ಟು ಕುದಿಸಿದರೂ ಆ ಹಿಸ್ಟಮಿನ್ ಹೋಗದು. ಕರುಳಿನೊಳಗೂ ಇಂಥ ಬ್ಯಾಕ್ಟೀರಿಯಾಗಳು ಇವೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐಬಿಎಸ್ (ಕರುಳಿನ ಕಿರಿಕಿರಿಯ ಕಾಯಿಲೆ) ಇರುವ ಕೆಲವರ ಕರುಳಿನ ಬ್ಯಾಕ್ಟೀರಿಯಾ ಪಡೆದ ಇಲಿಗಳಿಗೆ ಹೊಟ್ಟೆಯ ನೋವು ಹೆಚ್ಚು ಕಾಡಿತು. ಆ ಬ್ಯಾಕ್ಟೀರಿಯಾಗಳ ಪೈಕಿ ಹಿಸ್ಟಮಿನ್ ತಯಾರಿಸುತ್ತಿದ್ದುದು ಮುಖ್ಯವಾಗಿ ಕ್ಲೆಬ್ಸಿಯೆಲ್ಲಾ ಏರೋಜೀನ್ಸ್.

ಲೇಖಕರು ಮನಸಾರೆ ಹೊಗಳಿದ ಲ್ಯಾಕ್ಟೊಬ್ಯಾಸಿಲಸ್ ಬಳಗದಲ್ಲೂ, ರ್ಯೂಟೆರಿ ಎಂಬ ಪ್ರಭೇದದ ಕೆಲವು ತಳಿಗಳು ಹಿಸ್ಟಮಿನ್ ಉತ್ಪಾದಿಸುತ್ತವೆ. ತುರಿಕೆಯಿಂದ ನರಳುವವರಿಗೆ ಕಣ್ಣುಮುಚ್ಚಿ ಅದನ್ನೇ ಕೊಡಬೇಕೆ?

ಇನ್ನು, ರಕ್ತದ ಡಿಎಒ ಪರೀಕ್ಷೆಯೊಂದನ್ನೇ ನಂಬಿ ಈ ಅಸಹಿಷ್ಣುತೆ ಇದೆಯೆಂದು ನಿರ್ಧರಿಸಲಾಗದು. ಅಲರ್ಜಿ, ಸೀಲಿಯಾಕ್‌ನಂಥ ಕಾಯಿಲೆಗಳಿಲ್ಲ ಎಂದು ವೈದ್ಯರು ಖಚಿತಪಡಿಸಿದ ಮೇಲೆ ಕೆಲವು ವಾರ ಹಿಸ್ಟಮಿನ್ ಕಡಿಮೆಯಿರುವ ಪಥ್ಯ ಮಾಡಬೇಕು. ನಂತರ ಬಿಟ್ಟದ್ದನ್ನು ಒಂದೊಂದಾಗಿ ಮತ್ತೆ ತಿಂದು ನೋಡಬೇಕು. ಮಾತ್ರೆ ಕೊಳ್ಳುವುದೇ ಆದರೆ ಡಬ್ಬಿಯ ಹಿಂದೆ ತಳಿಯ ಪೂರ್ತಿ ಹೆಸರಿದೆಯೇ ನೋಡಿ, ಇಲ್ಲದಿದ್ದರೆ ವಾಪಸ್ ಇಡಿ.