ಗೋಡೆ ಬಿದ್ದ ಮೇಲಷ್ಟೇ ಮನೆಯೇ?

2021ರ ಅಕ್ಟೋಬರ್ 6ರಂದು ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆನೆದ ಹಳೆಯ ಮನೆಯ ಗೋಡೆ ಕುಸಿದು ಮಕ್ಕಳೂ ಸೇರಿ ಏಳು ಮಂದಿ ಪ್ರಾಣ ಕಳೆದುಕೊಂಡರು. ಸಂತಾಪ ವ್ಯಕ್ತವಾಯಿತು, ಪರಿಹಾರ ಘೋಷಣೆಯಾಯಿತು. ಅಂಥ ಗೋಡೆಗಳು ಜಿಲ್ಲೆಯಲ್ಲಿ ಇಂದಿಗೂ ನಿಂತಿವೆ. ಖಾನಾಪುರ ತಾಲ್ಲೂಕಿನ ಪಾರಿಶ್ವಾಡ, ಇಟಗಿ, ಬೀಡಿ, ಕಕ್ಕೇರಿಯ ಕಡೆ ಮುಂಗಾರು ಹಿಡಿಯಿತೆಂದರೆ ಬಡವರು ಗೋಡೆಗೆ ತಾಡಪತ್ರಿ ಕಟ್ಟಿ ರಾತ್ರಿ ಕಳೆಯುತ್ತಾರೆ.

ಖಾನಾಪುರ ಹೆಂಚು, ಇಟ್ಟಿಗೆ ಮತ್ತು ಕುಂಬಾರಿಕೆಗೆ ಹೆಸರಾದ ತಾಲ್ಲೂಕು. ಇಲ್ಲಿನ ಕೆಂಪು ಮಣ್ಣು ಭಟ್ಟಿಯಲ್ಲಿ ಸುಟ್ಟು ಬೇರೆ ಊರುಗಳ ಗೋಡೆಯಾಗಿ, ಛಾವಣಿಯಾಗಿ ಹೋಗುತ್ತದೆ. ಇಲ್ಲಿನ ಕೂಲಿಕಾರರ ಪಾಲಿಗೆ ಉಳಿದಿರುವುದು ಹಸಿ ಮಣ್ಣಿನ ಗೋಡೆ, ಇಲ್ಲವೇ ಪತ್ರಾಸ್ ಶೆಡ್. ಆದ್ದರಿಂದ ಇದನ್ನು ಕಟ್ಟಡ ಸಾಮಗ್ರಿಯ ಅಭಾವವೆಂದು ಕರೆಯಲಾಗದು. ಇದು ನೀತಿಯ ವೈಫಲ್ಯ.

2019ರ ಆಗಸ್ಟ್ ಪ್ರವಾಹದ ಬಳಿಕ ರಾಜ್ಯ ಸರ್ಕಾರ ಹಾನಿಗೀಡಾದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಸಂಪೂರ್ಣ ನಾಶವಾದ ‘ಎ’ ವರ್ಗದ ಮನೆಗೆ 5 ಲಕ್ಷ ರೂಪಾಯಿ ನಿಗದಿಪಡಿಸಿತು. ಅದೇ ಓಣಿಯಲ್ಲಿ, ಅದೇ ಮಣ್ಣಿನಿಂದ ಕಟ್ಟಿದ, ಆದರೆ ಆ ವರ್ಷ ಹೇಗೋ ಬೀಳದೆ ಉಳಿದ ಮನೆಯ ಕುಟುಂಬಕ್ಕೆ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಡಿ ದೊರೆಯುವುದು 1.20 ಲಕ್ಷ. ಸುರಕ್ಷಿತ ಮನೆಗೆ ಎಷ್ಟು ಹಣ ಬೇಕೆಂಬುದು ಸರ್ಕಾರಕ್ಕೆ ತಿಳಿದಿದೆ. ಗೋಡೆ ಬೀಳುವ ಮೊದಲು ಅಷ್ಟನ್ನು ಕೊಡಲು ಅದು ಸಿದ್ಧವಿಲ್ಲ.

ಆ 5 ಲಕ್ಷವೂ ಶಾಶ್ವತ ನೀತಿಯಲ್ಲ, ಆ ಹೊತ್ತಿನ ಆದೇಶ. ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯಲ್ಲಿ ಬಯಲು ಪ್ರದೇಶದ ಸಂಪೂರ್ಣ ನಾಶವಾದ ಮನೆಗೆ ಇರುವುದೂ 1.20 ಲಕ್ಷವೇ. ಪರಿಹಾರದ ಮೊತ್ತ ಆಯಾ ವರ್ಷದ ರಾಜಕೀಯ ಒತ್ತಡವನ್ನು ಅವಲಂಬಿಸಿದರೆ ಅದನ್ನು ಹಕ್ಕು ಎನ್ನಲಾಗದು.

ಆವಾಸ್ ಯೋಜನೆಯ ಮೊತ್ತ ನಿಗದಿಯಾದದ್ದು 2016ರಲ್ಲಿ. ಅದರಲ್ಲಿ ಕೇಂದ್ರದ ಪಾಲು ಶೇ 60, ಅಂದರೆ 72 ಸಾವಿರ. ರಾಜ್ಯದ್ದು 48 ಸಾವಿರ. ಶೌಚಾಲಯಕ್ಕೆ 12 ಸಾವಿರ ಮತ್ತು ಉದ್ಯೋಗ ಖಾತರಿಯ 90 ದಿನಗಳ ಕೂಲಿಯನ್ನು ಜೊತೆಗೂಡಿಸುವ ಅವಕಾಶವಿದ್ದರೂ ಸಿಮೆಂಟ್, ಕಬ್ಬಿಣ, ಮರಳು, ಗೌಂಡಿಯ ಕೂಲಿ ಯಾವುದೂ 2016ರಲ್ಲಿ ನಿಂತಿಲ್ಲ. 2024ರಲ್ಲಿ ಇನ್ನೂ 2 ಕೋಟಿ ಮನೆಗಳಿಗೆ ಯೋಜನೆಯನ್ನು ವಿಸ್ತರಿಸಿದಾಗಲೂ ಘಟಕ ವೆಚ್ಚವನ್ನು ಬದಲಿಸಲಿಲ್ಲ. ಅದನ್ನು 4 ಲಕ್ಷಕ್ಕೆ ಏರಿಸಬೇಕೆಂದು ಸಂಸತ್ತಿನ ಸ್ಥಾಯಿ ಸಮಿತಿಯೇ ಶಿಫಾರಸು ಮಾಡಿದೆ.

ಈ ಅಲ್ಪ ಹಣವೂ ಒಂದೇ ಬಾರಿಗೆ ಬರುವುದಿಲ್ಲ. ರಾಜ್ಯದ ವಸತಿ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ ಎಂದು ಹಂತಹಂತವಾಗಿ ಜಿಪಿಎಸ್ ಫೋಟೊ ತೆಗೆದ ಮೇಲಷ್ಟೇ ಬಿಲ್ಲು. ಮೊದಲ ಹಂತಕ್ಕೆ ಫಲಾನುಭವಿಯೇ ಸಾಲ ತಂದು ಹಾಕಬೇಕು. ಸಾಲ ಹುಟ್ಟದೆ ಗಡುವಿನೊಳಗೆ ಕೆಲಸ ಆರಂಭಿಸದವರ ಮನೆ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ತಂತ್ರಾಂಶದಲ್ಲಿ ‘ಬ್ಲಾಕ್’ ಆಗುತ್ತದೆ. ಹೀಗೆ ತೀರ ಬಡವರೇ ಮೊದಲು ಹೊರಬೀಳುವಂತೆ ವ್ಯವಸ್ಥೆ ರೂಪುಗೊಂಡಿದೆ. ಹಳೆಯ ಮನೆಯನ್ನು ಕೆಡವಿ ಬಿಲ್ಲಿಗಾಗಿ ಕಾಯುವ ಕುಟುಂಬಕ್ಕೆ ಮಳೆಗಾಲದಲ್ಲಿ ಎರಡೂ ಮನೆಗಳಿಲ್ಲ.

ನಿವೇಶನವೇ ಇಲ್ಲದವರ ಸ್ಥಿತಿ ಇನ್ನೂ ಕಠಿಣ. ಗಾವಠಾಣದ (ಗ್ರಾಮಠಾಣದ) ಹೊರಗೆ ಸರ್ಕಾರಿ ಜಾಗದಲ್ಲಿ ದಶಕಗಳಿಂದ ವಾಸಿಸುವವರಿಗೆ ಭೂಕಂದಾಯ ಕಾಯ್ದೆಯ 94ಸಿ ಕಲಂ ಅಡಿ ಸಕ್ರಮಕ್ಕೆ ಅವಕಾಶವಿದೆ. ಆದರೆ ಹಕ್ಕುಪತ್ರ ಕೈಸೇರಿ ಇ-ಸ್ವತ್ತು ಆಗುವವರೆಗೆ ವಸತಿ ಯೋಜನೆಯ ಬಾಗಿಲು ತೆರೆಯದು. ಪಶ್ಚಿಮದ ಕಾಡಿನ ಹಳ್ಳಿಗಳಿಗೆ ಅರಣ್ಯ ನಿಯಮಗಳ ತಡೆ ಬೇರೆ. ಭೀಮಗಡ ವನ್ಯಜೀವಿ ಧಾಮದೊಳಗಿನ ತಳೇವಾಡಿಯಿಂದ ಹೊರಬರಲು ಒಪ್ಪಿದ ಕುಟುಂಬಗಳಿಗೆ ತಲಾ 15 ಲಕ್ಷ ನಿಗದಿಯಾಗಿದೆ. ಅದು ಪುನರ್ವಸತಿಯ ಸಮಗ್ರ ವೆಚ್ಚವೆಂಬುದು ನಿಜ. ಆದರೂ ಬದುಕನ್ನು ನೆಲೆಗೊಳಿಸಲು ಬೇಕಾಗುವ ಹಣಕ್ಕೂ ವಸತಿ ಯೋಜನೆ ಕೊಡುವ ಹಣಕ್ಕೂ ಇರುವ ಅಂತರ ಅದರಲ್ಲಿ ಕಾಣುತ್ತದೆ.

ಆಯ್ಕೆಯ ಪ್ರಶ್ನೆಯೂ ಇದೆ. ಫಲಾನುಭವಿಗಳನ್ನು ಗ್ರಾಮಸಭೆ ಆರಿಸಬೇಕು. ಆದರೆ 2025ರಲ್ಲಿ ಆಳಂದದ ಆಡಳಿತ ಪಕ್ಷದ ಶಾಸಕ ಬಿ.ಆರ್. ಪಾಟೀಲರೇ, ಹಣ ಕೊಟ್ಟವರಿಗೆ ಮನೆ ಹಂಚಿಕೆಯಾಗುತ್ತಿದೆ ಎಂದು ಬಹಿರಂಗವಾಗಿ ಆರೋಪಿಸಿದರು. 2019ರ ಪರಿಹಾರ ಪಟ್ಟಿಗೆ ಅನರ್ಹರು ಸೇರಿದ್ದಾರೆಂಬ ದೂರುಗಳು ಈ ಜಿಲ್ಲೆಯಲ್ಲೂ ಕೇಳಿಬಂದಿದ್ದವು. ಪಟ್ಟಿಯ ಮೇಲಿನ ವಿಶ್ವಾಸ ಕುಸಿದರೆ ಅರ್ಹರು ಅರ್ಜಿ ಹಾಕುವುದನ್ನೇ ಬಿಡುತ್ತಾರೆ. ಉಳಿಯುವುದು ಮಧ್ಯವರ್ತಿಗಳ ವ್ಯವಹಾರ.

ವಸತಿಯ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆ ಎಂದು ಚಮೇಲಿ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ದಶಕಗಳ ಹಿಂದೆಯೇ ಹೇಳಿದೆ. 2022ರೊಳಗೆ ಎಲ್ಲರಿಗೂ ಸೂರು ಎಂಬ ರಾಷ್ಟ್ರೀಯ ವಾಗ್ದಾನದ ಗಡುವು ಮುಗಿದುಹೋಗಿದೆ. ಕುಸಿಯುವ ಗೋಡೆಯ ಕೆಳಗೆ ಮಲಗುವ ನಾಗರಿಕನಿಗೆ ಈ ವಿಳಂಬದ ಕಾರಣವನ್ನು ತಿಳಿಯುವ ಹಕ್ಕಿದೆ.

ಮಾಡಬೇಕಾದದ್ದು ಅಸ್ಪಷ್ಟವಾಗಿಲ್ಲ. ಕೇಂದ್ರ ಸರ್ಕಾರ ಘಟಕ ವೆಚ್ಚವನ್ನು ಪರಿಷ್ಕರಿಸಬೇಕು. ಅದು ಆಗುವತನಕ ರಾಜ್ಯ ತನ್ನ ಪಾಲನ್ನು ಹೆಚ್ಚಿಸಿ, ತಳಪಾಯಕ್ಕೆ ಮುಂಗಡ ನೀಡಬೇಕು. ಜಿಲ್ಲಾಡಳಿತ ಮುಂಗಾರಿಗೆ ಮೊದಲೇ ಎಂಜಿನಿಯರ್‌ಗಳ ಮೂಲಕ ಅಪಾಯದ ಮನೆಗಳನ್ನು ಗುರುತಿಸಬೇಕು. ಬಿದ್ದ ಮೇಲೆ ‘ಎ’ ವರ್ಗಕ್ಕೆ ಸೇರುವ ಮನೆಗೆ ಬೀಳುವ ಮುನ್ನವೇ ಆದ್ಯತೆ ಸಿಗಬೇಕು. ಕಂದಾಯ ಇಲಾಖೆ 94ಸಿ ಅರ್ಜಿಗಳನ್ನು ಕಾಲಮಿತಿಯಲ್ಲಿ ಇತ್ಯರ್ಥಪಡಿಸಲಿ. ಗ್ರಾಮ ಪಂಚಾಯಿತಿಗಳು ಕಾಯುವವರ ಪಟ್ಟಿಯನ್ನು ಫಲಕದಲ್ಲಿ ಪ್ರಕಟಿಸಲಿ.

ಚಳಿಗಾಲದ ಅಧಿವೇಶನಕ್ಕೆ ಶಾಸಕರೆಲ್ಲ ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೇ ಬರುತ್ತಾರೆ. ಮಂಜೂರಾದ ಮನೆಗಳೆಷ್ಟು, ‘ಬ್ಲಾಕ್’ ಆದವೆಷ್ಟು, ನಿವೇಶನವಿಲ್ಲದ ಕುಟುಂಬಗಳೆಷ್ಟು ಎಂಬುದಕ್ಕೆ ವಸತಿ ಸಚಿವರು ಆ ಸದನದಲ್ಲಿ ಪಂಚಾಯಿತಿವಾರು ಉತ್ತರ ಮಂಡಿಸಬೇಕು. ಆ ಉತ್ತರವನ್ನು ಕೇಳಿ ಪಡೆಯುವ ಹೊಣೆ ಈ ಜಿಲ್ಲೆಯ ಶಾಸಕರದು, ಪಕ್ಷ ಯಾವುದೇ ಇರಲಿ.